ಜಿಲ್ಲೆಯನ್ನು ನಿರ್ವಹಿಸುವ ವೈದ್ಯ: ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಮತ್ತು ಸಾರ್ವಜನಿಕ ಆರೋಗ್ಯ ನಾಯಕತ್ವದ ತರಬೇತಿ

ಭಾರತೀಯ ವೈದ್ಯಕೀಯ ಇತಿಹಾಸದ ಬರವಣಿಗೆಯಲ್ಲಿ ಔಷಧಗಳ ಆವಿಷ್ಕಾರಕ್ಕೂ ಆಸ್ಪತ್ರೆಗಳ ಸ್ಥಾಪನೆಗೂ ದೊರೆತಿರುವ ಸ್ಥಾನವು ಆ ಔಷಧವನ್ನು ಹಳ್ಳಿಯ ರೋಗಿಯವರೆಗೆ ತಲುಪಿಸುವ ನಿರ್ವಹಣಾ ಕೌಶಲಕ್ಕೆ ದೊರೆತಿಲ್ಲ. ಚಿಕಿತ್ಸೆ ನೀಡಬಲ್ಲ ವೈದ್ಯನು ಇಡೀ ಜಿಲ್ಲೆಯ ಆರೋಗ್ಯ ಕಾರ್ಯವನ್ನು ಯೋಜಿಸಿ, ಮೇಲ್ವಿಚಾರಣೆ ನಡೆಸಿ, ಲೆಕ್ಕವಿಡಬಲ್ಲನೆಂಬುದು ಸಹಜವಾಗಿ ಒದಗಿಬರುವ ಗುಣವಲ್ಲ. ಅದು ಕಲಿಸಿ ಬೆಳೆಸಬೇಕಾದ ವಿದ್ಯೆ. ಸ್ವತಂತ್ರ ಭಾರತದಲ್ಲಿ ಈ ವಿದ್ಯೆಯನ್ನು ವ್ಯವಸ್ಥಿತವಾಗಿ ಬೋಧಿಸಿದ ಮೊದಮೊದಲ ಪ್ರಯತ್ನಗಳಲ್ಲೊಂದು ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿ ನಡೆಯಿತು. ಆ ಪ್ರಯತ್ನದ ಸ್ವರೂಪವನ್ನೂ ಅದರ ಏಳುಬೀಳುಗಳನ್ನೂ ಪ್ರಸ್ತುತ ಪ್ರಬಂಧವು ವಿವೇಚಿಸುತ್ತದೆ.

೧೯೪೩ರಲ್ಲಿ ನೇಮಕಗೊಂಡು ೧೯೪೬ರಲ್ಲಿ ವರದಿ ಸಲ್ಲಿಸಿದ ಭೋರ್ ಸಮಿತಿಯು ದೇಶದಲ್ಲಿ ಸುಮಾರು ೨೫ ಲಕ್ಷ ಕ್ಷಯರೋಗಿಗಳಿರುವರೆಂದೂ ವರ್ಷಕ್ಕೆ ಸುಮಾರು ೫ ಲಕ್ಷ ಜನ ಸಾಯುವರೆಂದೂ ಅಂದಾಜು ಮಾಡಿತ್ತು. ಇಷ್ಟು ರೋಗಿಗಳಿಗೆ ಇದ್ದ ಹಾಸಿಗೆಗಳು ಸುಮಾರು ೬,೦೦೦ ಮಾತ್ರ. ಸ್ಯಾನಟೋರಿಯಂಗಳನ್ನು ಕಟ್ಟುತ್ತ ಹೋಗುವುದರಿಂದ ಈ ಅಂತರವನ್ನು ತುಂಬಲಾಗದೆಂಬುದು ಸ್ಪಷ್ಟವಾಗಿತ್ತು. ೧೯೫೫-೫೮ರ ರಾಷ್ಟ್ರೀಯ ಮಾದರಿ ಸಮೀಕ್ಷೆಯು ರೋಗವು ನಗರಗಳಲ್ಲಿರುವಂತೆಯೇ ಹಳ್ಳಿಗಳಲ್ಲಿಯೂ ವ್ಯಾಪಿಸಿದೆಯೆಂಬುದನ್ನು ತೋರಿಸಿತು. ೧೯೫೬ರಲ್ಲಿ ಆರಂಭವಾದ ಮದ್ರಾಸಿನ ಕ್ಷಯರೋಗ ರಸಾಯನ ಚಿಕಿತ್ಸಾ ಕೇಂದ್ರದ ಅಧ್ಯಯನವು, ಮನೆಯಲ್ಲಿಯೇ ಔಷಧ ಸೇವಿಸಿದ ರೋಗಿಗಳು ಸ್ಯಾನಟೋರಿಯಂನಲ್ಲಿದ್ದವರಷ್ಟೇ ಗುಣ ಹೊಂದಬಲ್ಲರೆಂಬುದನ್ನು ೧೯೫೯ರಲ್ಲಿ ಪ್ರಕಟಪಡಿಸಿತು.

ಈ ಎರಡು ತಿಳಿವಳಿಕೆಗಳು ಒಟ್ಟುಗೂಡಿದಾಗ ಸಮಸ್ಯೆಯ ಸ್ವರೂಪವೇ ಬದಲಾಯಿತು. ರೋಗಿ ಹಳ್ಳಿಯಲ್ಲಿದ್ದಾನೆ, ಚಿಕಿತ್ಸೆ ಮನೆಯಲ್ಲಿ ಸಾಧ್ಯವಿದೆ. ಹಾಗಾದರೆ ರೋಗಿಯನ್ನು ಗುರುತಿಸಿ, ವರ್ಷಕ್ಕೂ ಮೀರಿ ಔಷಧವನ್ನು ತಪ್ಪದೆ ಒದಗಿಸುವ ಏರ್ಪಾಡನ್ನು ಯಾರು ಮಾಡಬೇಕು? ಇದು ವೈದ್ಯಶಾಸ್ತ್ರದ ಪ್ರಶ್ನೆಯಾಗಿರುವುದಕ್ಕಿಂತ ಹೆಚ್ಚಾಗಿ ಸಂಘಟನೆಯ ಪ್ರಶ್ನೆಯಾಗಿತ್ತು. ಇದಕ್ಕೆ ಉತ್ತರ ಹುಡುಕಲು ಭಾರತ ಸರ್ಕಾರವು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ನೆರವಿನೊಡನೆ ೧೯೫೯ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು ಸ್ಥಾಪಿಸಿತು. ಬಳ್ಳಾರಿ ರಸ್ತೆಯ ಅವಲಾನ್ ಬಂಗಲೆಯಲ್ಲಿ ನೆಲೆಗೊಂಡ ಈ ಸಂಸ್ಥೆಯನ್ನು ಪ್ರಧಾನಿ ಜವಾಹರಲಾಲ್ ನೆಹರೂ ಅವರು ೧೯೬೦ರ ಸೆಪ್ಟೆಂಬರ್ ೧೬ರಂದು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಭಾರತದ ಕ್ಷಯರೋಗ ಕಾರ್ಯದಲ್ಲಿ ಸುಮಾರು ಒಂದು ದಶಕ ದುಡಿದ ಡೆನ್ಮಾರ್ಕಿನ ವೈದ್ಯ ಹಾಫ್‌ಡನ್ ಮಾಹ್ಲರ್ ಈ ಆರಂಭದ ಕಾಲದಲ್ಲಿ ಇದರೊಡನೆ ನಿಕಟ ಸಂಬಂಧ ಹೊಂದಿದ್ದರು. ಅವರು ೧೯೭೩ರಿಂದ ೧೯೮೮ರವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾಗಿದ್ದುದನ್ನೂ, ೧೯೭೮ರ ಆಲ್ಮಾ ಅಟಾ ಘೋಷಣೆಯ ಪ್ರಮುಖ ಪ್ರವರ್ತಕರಾದುದನ್ನೂ ಇಲ್ಲಿ ಸ್ಮರಿಸಬಹುದು.

ಸಂಸ್ಥೆಯ ಚಿಂತನೆಗೆ ದಿಕ್ಕು ನೀಡಿದ್ದು ತುಮಕೂರು ಜಿಲ್ಲೆಯಲ್ಲಿ ನಡೆದ ಕ್ಷೇತ್ರಕಾರ್ಯ. ಅಲ್ಲಿ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ನಡೆಸಿ ೧೯೬೩ರಲ್ಲಿ ಪ್ರಕಟಿಸಿದ ಸಮಾಜಶಾಸ್ತ್ರೀಯ ಅಧ್ಯಯನವು, ಗ್ರಾಮೀಣ ರೋಗಿಗಳು ಅಜ್ಞಾನದಿಂದ ರೋಗವನ್ನು ಕಡೆಗಣಿಸುತ್ತಾರೆಂಬ ರೂಢಿಯ ನಂಬಿಕೆಯನ್ನು ಅಲುಗಾಡಿಸಿತು. ಬಹುಪಾಲು ರೋಗಿಗಳಿಗೆ ತಮ್ಮ ರೋಗಲಕ್ಷಣಗಳ ಅರಿವಿತ್ತು. ಅರ್ಧದಷ್ಟು ಮಂದಿ ಪರಿಹಾರವನ್ನು ಅರಸಿ ಹೊರಟೂ ಇದ್ದರು. ಆದರೆ ಆರೋಗ್ಯ ಕೇಂದ್ರದ ಬಾಗಿಲಿಗೆ ಬಂದವರು ಅನೇಕ ವೇಳೆ ಕೆಮ್ಮಿನ ಔಷಧದ ಸೀಸೆಯೊಂದನ್ನು ಪಡೆದು ಮನೆಗೆ ಮರಳುತ್ತಿದ್ದರು. ದೋಷವು ರೋಗಿಯಲ್ಲಿರದೆ ವ್ಯವಸ್ಥೆಯಲ್ಲಿತ್ತೆಂಬುದು ಈ ಅಧ್ಯಯನದ ಬಹುಮುಖ್ಯ ಫಲಿತ. ವ್ಯವಸ್ಥೆಯನ್ನು ತಿದ್ದಬೇಕಾದರೆ ಅದನ್ನು ನಡೆಸುವವರನ್ನು ಸಿದ್ಧಗೊಳಿಸುವುದು ಅನಿವಾರ್ಯವಾಯಿತು.

೧೯೬೨ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮವು ಜಿಲ್ಲೆಯನ್ನು ತನ್ನ ಘಟಕವಾಗಿ ಆರಿಸಿಕೊಂಡಿತು. ಪ್ರತ್ಯೇಕ ಕ್ಷಯ ಆಸ್ಪತ್ರೆಗಳ ಜಾಲಕ್ಕೆ ಬದಲಾಗಿ, ಅದಾಗಲೇ ಇದ್ದ ಆಸ್ಪತ್ರೆ, ಔಷಧಾಲಯ ಹಾಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಕಫ ಪರೀಕ್ಷೆ ಮತ್ತು ಚಿಕಿತ್ಸೆ ನಡೆಯಬೇಕಿತ್ತು. ಜಿಲ್ಲಾ ಕ್ಷಯರೋಗ ಕೇಂದ್ರದ ತಂಡವು ಇವೆಲ್ಲವನ್ನೂ ಹೆಣೆಯುವ ಸೂತ್ರವಾಗಿತ್ತು. ಈ ತಂಡಕ್ಕೆ ಬೆಂಗಳೂರಿನಲ್ಲಿ ತರಬೇತಿ ನೀಡಲಾಯಿತು. ಜಿಲ್ಲಾ ಕ್ಷಯರೋಗ ಅಧಿಕಾರಿ, ಚಿಕಿತ್ಸಾ ಸಂಘಟಕ, ಪ್ರಯೋಗಾಲಯ ತಂತ್ರಜ್ಞ, ಕ್ಷ-ಕಿರಣ ತಂತ್ರಜ್ಞ ಹಾಗೂ ಸಂಖ್ಯಾಶಾಸ್ತ್ರ ಸಹಾಯಕ ಇವರನ್ನು ಒಂದೇ ತಂಡವೆಂದು ಪರಿಗಣಿಸಿದ್ದು ಈ ತರಬೇತಿಯ ವೈಶಿಷ್ಟ್ಯ.

ಇಲ್ಲಿ ಕಲಿಸಿದ ವಿಷಯಗಳು ಮೇಲ್ನೋಟಕ್ಕೆ ಸಾಮಾನ್ಯವೆನಿಸುವಂಥವು. ಜಿಲ್ಲೆಯ ಯಾವ ಕೇಂದ್ರದಲ್ಲಿ ಎಷ್ಟು ಜನ ಕೆಮ್ಮಿನಿಂದ ಬರುವರು, ಅವರಲ್ಲಿ ಎಷ್ಟು ಮಂದಿಯ ಕಫ ಪರೀಕ್ಷೆಯಾಗಬೇಕು, ಚಿಕಿತ್ಸಾ ಕಾರ್ಡನ್ನು ಹೇಗೆ ತುಂಬಬೇಕು, ಔಷಧ ಒಯ್ಯಲು ಬಾರದ ರೋಗಿಯನ್ನು ಪತ್ರ ಬರೆದೋ ಮನೆಗೆ ಹೋಗಿಯೋ ಹೇಗೆ ಮರಳಿ ಕರೆತರಬೇಕು, ತನ್ನ ನೇರ ಅಧೀನದಲ್ಲಿಲ್ಲದ ಆರೋಗ್ಯ ಕೇಂದ್ರದ ವೈದ್ಯನ ಸಹಕಾರವನ್ನು ಹೇಗೆ ಪಡೆಯಬೇಕು ಇತ್ಯಾದಿ. ಆಜ್ಞೆ ಮಾಡುವ ಅಧಿಕಾರವಿಲ್ಲದೆ ಕೆಲಸ ಮಾಡಿಸಿಕೊಳ್ಳಬೇಕಾದ ಈ ಸ್ಥಿತಿಯಲ್ಲಿಯೇ ನಾಯಕತ್ವದ ನಿಜವಾದ ಪರೀಕ್ಷೆಯಿತ್ತು.

ಈ ಕೌಶಲದ ಅಭಾವದ ಬೆಲೆ ಏನೆಂಬುದನ್ನು ಸಂಸ್ಥೆಯದೇ ಇನ್ನೊಂದು ಅಧ್ಯಯನವು ಮನಗಾಣಿಸುತ್ತದೆ. ೧೯೬೧ರಿಂದ ೧೯೬೮ರವರೆಗೆ ಬೆಂಗಳೂರು ಜಿಲ್ಲೆಯ ೧೧೯ ಹಳ್ಳಿಗಳಲ್ಲಿ ಮತ್ತೆ ಮತ್ತೆ ಸಮೀಕ್ಷೆ ನಡೆಸಲಾಯಿತು. ಸಂಘಟಿತ ಚಿಕಿತ್ಸೆಯಿಲ್ಲದೆ ಉಳಿದ, ಕಫದಲ್ಲಿ ರೋಗಾಣುವಿದ್ದ ರೋಗಿಗಳ ಪೈಕಿ ಐದು ವರ್ಷಗಳ ಕೊನೆಗೆ ಶೇಕಡಾ ೪೯ರಷ್ಟು ಮಂದಿ ಮೃತರಾಗಿದ್ದರು. ಶೇಕಡಾ ೧೮ರಷ್ಟು ಮಂದಿ ರೋಗವನ್ನು ಹರಡುವ ಸ್ಥಿತಿಯಲ್ಲಿಯೇ ಇದ್ದರು. ಶೇಕಡಾ ೩೩ರಷ್ಟು ಮಂದಿ ಮಾತ್ರ ರೋಗಾಣುಮುಕ್ತರಾಗಿದ್ದರು. ಕಾರ್ಡೊಂದು ತುಂಬದೆ ಉಳಿಯುವುದು, ಭೇಟಿಯೊಂದು ತಪ್ಪುವುದು ಕೇವಲ ಕಚೇರಿಯ ಲೋಪಗಳಲ್ಲವೆಂಬುದಕ್ಕೆ ಈ ಅಂಕಿಗಳೇ ಸಾಕ್ಷಿ.

ಆದರೆ ತರಬೇತಿ ಪಡೆದವರು ಮರಳಿ ಹೋದ ಪರಿಸರವು ಆ ವಿದ್ಯೆಗೆ ಅನುಕೂಲಕರವಾಗಿರಲಿಲ್ಲ. ೧೯೬೦ರ ದಶಕದ ಉತ್ತರಾರ್ಧದಿಂದ ಕುಟುಂಬ ಯೋಜನೆಯ ಗುರಿಗಳು ಜಿಲ್ಲಾ ಆರೋಗ್ಯ ಆಡಳಿತದ ಗಮನವನ್ನು ಹೆಚ್ಚುಹೆಚ್ಚಾಗಿ ಸೆಳೆದುಕೊಂಡವು. ತರಬೇತಾದ ಅಧಿಕಾರಿಗಳ ವರ್ಗಾವಣೆ, ಖಾಲಿ ಉಳಿದ ಹುದ್ದೆಗಳು, ಔಷಧ ಪೂರೈಕೆಯ ಕೊರತೆ ಇವು ಕಾರ್ಯಕ್ರಮವನ್ನು ಬಾಧಿಸಿದವು. ೧೯೯೨ರಲ್ಲಿ ಭಾರತ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಸ್ವೀಡನ್ನಿನ ಅಭಿವೃದ್ಧಿ ನೆರವು ಸಂಸ್ಥೆಯಾದ ಸೀಡಾ ಜಂಟಿಯಾಗಿ ನಡೆಸಿದ ಪರಾಮರ್ಶೆಯು ನಿರ್ವಹಣೆಯ ದೌರ್ಬಲ್ಯ, ಹಣಕಾಸಿನ ಅಭಾವ, ಕ್ಷ-ಕಿರಣದ ಮೇಲಿನ ಅತಿಯಾದ ಅವಲಂಬನೆ ಹಾಗೂ ಚಿಕಿತ್ಸೆಯನ್ನು ಪೂರ್ಣಗೊಳಿಸುವವರ ಅಲ್ಪಪ್ರಮಾಣಗಳನ್ನು ಎತ್ತಿ ತೋರಿಸಿತು.

೧೯೯೩ರಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ ೧೯೯೭ರಿಂದ ವಿಸ್ತರಣೆಗೊಂಡ ಪರಿಷ್ಕೃತ ರಾಷ್ಟ್ರೀಯ ಕ್ಷಯರೋಗ ನಿಯಂತ್ರಣ ಕಾರ್ಯಕ್ರಮವು ಈ ಅನುಭವದಿಂದ ಪಾಠ ಕಲಿಯಿತು. ಸುಮಾರು ೫ ಲಕ್ಷ ಜನಸಂಖ್ಯೆಗೆ ಒಂದು ಕ್ಷಯರೋಗ ಘಟಕವನ್ನು ರಚಿಸಿ, ಹಿರಿಯ ಚಿಕಿತ್ಸಾ ಮೇಲ್ವಿಚಾರಕ ಮತ್ತು ಹಿರಿಯ ಪ್ರಯೋಗಾಲಯ ಮೇಲ್ವಿಚಾರಕರೆಂಬ ಹುದ್ದೆಗಳನ್ನು ಸೃಷ್ಟಿಸಲಾಯಿತು. ಹಿಂದೆ ಜಿಲ್ಲಾ ಅಧಿಕಾರಿಯೊಬ್ಬನ ವೈಯಕ್ತಿಕ ಉತ್ಸಾಹವನ್ನು ನೆಚ್ಚಿಕೊಂಡಿದ್ದ ಮೇಲ್ವಿಚಾರಣೆಯು ಹೀಗೆ ನಿಯತ ಕರ್ತವ್ಯವಾಯಿತು. ೨೦೦೬ರ ಮಾರ್ಚ್ ವೇಳೆಗೆ ಇಡೀ ದೇಶವನ್ನು ವ್ಯಾಪಿಸಿದ ಈ ಕಾರ್ಯಕ್ರಮವು ೨೦೨೦ರಲ್ಲಿ ರಾಷ್ಟ್ರೀಯ ಕ್ಷಯರೋಗ ನಿರ್ಮೂಲನ ಕಾರ್ಯಕ್ರಮವೆಂಬ ಹೆಸರನ್ನು ಪಡೆಯಿತು.

ಈ ಇತಿಹಾಸವನ್ನು ಕೇವಲ ಸೋಲಿನ ಕಥನವೆಂದು ಓದುವುದು ಸರಿಯಾಗಲಾರದು. ಬೆಂಗಳೂರಿನ ಸಂಸ್ಥೆಯು ಜಿಲ್ಲೆಯನ್ನೇ ರೋಗಿಯಂತೆ ಪರೀಕ್ಷಿಸುವ ಹೊಸ ದೃಷ್ಟಿಯನ್ನು ವೈದ್ಯರಿಗೆ ನೀಡಿತು; ಕಫ ಪರೀಕ್ಷೆ, ಸಾಮಾನ್ಯ ಆರೋಗ್ಯ ಸೇವೆಯೊಳಗೇ ಚಿಕಿತ್ಸೆ, ದಾಖಲೆಯಾಧಾರಿತ ಮೇಲ್ವಿಚಾರಣೆ ಎಂಬ ಅದರ ತತ್ತ್ವಗಳು ಮುಂದೆಯೂ ಉಳಿದುಬಂದವು. ಆದರೆ ತರಬೇತಿಯಿಂದ ಪಡೆದ ನಾಯಕತ್ವವು ಅಧಿಕಾರ, ಅವಧಿ ಮತ್ತು ಸಾಮಗ್ರಿಗಳ ಬೆಂಬಲವಿಲ್ಲದೆ ಬಾಳಲಾರದೆಂಬುದೂ ಅಷ್ಟೇ ಸತ್ಯ. ತುಮಕೂರಿನ ಹಳ್ಳಿಗಳಿಂದ ಆರೋಗ್ಯ ಕೇಂದ್ರದವರೆಗೆ ನಡೆದುಬಂದ ರೋಗಿಗಳು ತಮ್ಮ ಪಾಲಿನ ಕರ್ತವ್ಯವನ್ನು ಪೂರೈಸಿದ್ದರು. ಅವರನ್ನು ಎದುರುಗೊಳ್ಳುವ ವ್ಯವಸ್ಥೆಯನ್ನು ಸಜ್ಜುಗೊಳಿಸುವುದೇ ಸಾರ್ವಜನಿಕ ಆರೋಗ್ಯ ನಾಯಕತ್ವದ ಸಾರ್ಥಕತೆ.