ಹ್ಯೂಮರ್: ದ್ರವದಿಂದ ನಗೆಗೆ

ಲ್ಯಾಟಿನ್ನಿನ ‘ಹ್ಯೂಮೋರ್’ ಎಂದರೆ ತೇವ, ದ್ರವ. ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಈ ನಾಲ್ಕರ ಹದದಲ್ಲೇ ಆರೋಗ್ಯವೂ ಸ್ವಭಾವವೂ ಇದೆಯೆಂದು ಗ್ರೀಕ್ ವೈದ್ಯರು ನಂಬಿದ್ದರು. ನಮ್ಮ ವಾತ, ಪಿತ್ತ, ಕಫ ನೆನಪಾಗುವುದು ಸಹಜ. ಹೀಗೆ ಪದ ಮನಃಸ್ಥಿತಿಯನ್ನೂ ಸೂಚಿಸತೊಡಗಿತು. 1598ರಲ್ಲಿ ಇಂಗ್ಲಿಷ್ ನಾಟಕಕಾರ ಬೆನ್ ಜಾನ್ಸನ್ ಒಂದೊಂದು ಗೀಳಿಗೆ ಬಿದ್ದ ಪಾತ್ರಗಳನ್ನು ಈ ಹೆಸರಿನಲ್ಲೇ ರಂಗಕ್ಕೆ ತಂದ. ಅಂಥವರನ್ನು ಕಂಡು ಜನ ನಕ್ಕರು, ಕ್ರಮೇಣ ಅರ್ಥವೂ ನಗೆಯತ್ತ ಹೊರಳಿತು. ಹಳೆಯ ಅರ್ಥವಿನ್ನೂ ಸತ್ತಿಲ್ಲ: ಕಣ್ಣಿನ ಮುಂಭಾಗದ ದ್ರವ ವೈದ್ಯರಿಗೆ ಇಂದಿಗೂ ‘ಆಕ್ವಿಯಸ್ ಹ್ಯೂಮರ್’.

ನಮ್ಮ ‘ಹಾಸ್ಯ’ದ ಮೂಲ ನೇರವಾಗಿ ನಗುವುದೆಂಬ ಅರ್ಥದ ‘ಹಸ್’ ಧಾತು. ‘ಸೆನ್ಸ್ ಆಫ್ ಹ್ಯೂಮರ್’ಗೆ ‘ಹಾಸ್ಯಪ್ರಜ್ಞೆ’ ಚೆನ್ನಾಗಿ ಒಗ್ಗಿದೆ. ಇನ್ನೊಬ್ಬರನ್ನು ನೋಯಿಸುವ ನಗೆ ಮಾತ್ರ ಹಾಸ್ಯವಲ್ಲ, ಅದು ಅಪಹಾಸ್ಯ. ಅಂದಹಾಗೆ, 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆ ಆರಂಭಿಸಿದ ರಾಶಿ ವೃತ್ತಿಯಲ್ಲಿ ವೈದ್ಯರೇ.