ಶುಕ್ರವಾರದ ದಂಡೆ, ಭಾನುವಾರದ ದಂಡೆ

ದಢೇಸುಗೂರಿನ ಹತ್ತಿರ ತುಂಗಭದ್ರೆಯ ಸೇತುವೆ ದಾಟಿದರೆ ಸಿರುಗುಪ್ಪ ತಾಲ್ಲೂಕು. ಇಂದು ಅಲ್ಲಿ ಬದಲಾಗುವುದು ಜಿಲ್ಲೆ ಮಾತ್ರ. ಸಿಂಧನೂರಿನಿಂದ ಬಸ್ಸು ಹತ್ತಿದವರು ಹೊಳೆ ಬಂತೆಂದು ಕಿಟಕಿಯಾಚೆ ನೋಡಬಹುದು. ಗಡಿ ಬಂತೆಂದು ಯಾರೂ ನೋಡುವುದಿಲ್ಲ. ಆದರೆ ಒಂದೂವರೆ ಶತಮಾನದಷ್ಟು ಕಾಲ ಹಬ್ಬಕ್ಕೆ ಬೀಗರ ಮನೆಗೆ ಹೋಗುವುದೆಂದರೆ ಇಲ್ಲಿ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋಗುವುದೇ ಆಗಿತ್ತು.

ಈ ಗಡಿ ಹುಟ್ಟಿದ್ದು 1800ರಲ್ಲಿ. ಟಿಪ್ಪುವಿನ ಸೋಲಿನಿಂದ ತಮ್ಮ ಪಾಲಿಗೆ ಬಂದಿದ್ದ ಸೀಮೆಯನ್ನು ಹೈದರಾಬಾದಿನ ನಿಜಾಮರು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ಹೊಳೆಯ ಬಲದಂಡೆಯ ಬಳ್ಳಾರಿ ಸೀಮೆ ಮದ್ರಾಸಿಗೆ ಸೇರಿತು. ಥಾಮಸ್ ಮನ್ರೋ ಅಲ್ಲಿಗೆ ಕಲೆಕ್ಟರಾಗಿ ಬಂದ. ಎಡದಂಡೆಯ ರಾಯಚೂರು ಸೀಮೆ ನಿಜಾಮರಲ್ಲೇ ಉಳಿಯಿತು. ಸಾಲದ ಬಾಬ್ತು 1853ರಲ್ಲಿ ರಾಯಚೂರು ದೋಆಬವೂ ಕಂಪನಿಯ ಕೈಗೆ ಹೋಯಿತು, 1860ರಲ್ಲಿ ಮರಳಿ ಬಂತು. ಆ ಏಳು ವರ್ಷ ಹೊಳೆ ಬರೀ ಹೊಳೆಯಾಗಿತ್ತು. ಆಮೇಲೆ ಮತ್ತೆ ಗಡಿಯಾಯಿತು.

ಎರಡೂ ದಂಡೆಯವರ ಮಾತು ಒಂದೇ, ಯುಗಾದಿಯೂ ಒಂದೇ. ಬೇರೆಯಾಗಿದ್ದದ್ದು ಸರ್ಕಾರದ ವಾರ. ನಿಜಾಮರ ಕಚೇರಿ, ಶಾಲೆಗಳಿಗೆ ಶುಕ್ರವಾರ ರಜೆ, ಬಳ್ಳಾರಿಯಲ್ಲಿ ಭಾನುವಾರ. ಈ ಕಡೆ ತಹಸೀಲಿನಲ್ಲಿ ಗುಮಾಸ್ತನಾಗಿದ್ದವನಿಗೆ ಬಿಡುವಾದ ದಿನ ಆ ಕಡೆ ಶಾಲೆಯಲ್ಲಿ ಓದುವ ಅಳಿಯನಿಗೆ ಬಿಡುವಿಲ್ಲ. ಇಬ್ಬರೂ ಒಟ್ಟಿಗೆ ಕೂತು ಉಣ್ಣಬೇಕಾದರೆ ಹಬ್ಬವೇ ಬರಬೇಕು.

ಹಬ್ಬ ಬಂದರೂ ಹೊಳೆಯನ್ನು ಕೇಳಬೇಕು. ಸೇತುವೆ ಇಲ್ಲದ ಕಾಲದಲ್ಲಿ ಬೇಸಿಗೆಯಲ್ಲಿ ನೀರು ಇಳಿದ ಕಡೆ ಬಂಡಿ ಹೊಡೆದುಕೊಂಡು ದಾಟಬಹುದಿತ್ತು. ಮಳೆಗಾಲದಲ್ಲಿ ಹರಿಗೋಲೇ ಗತಿ. ಚೈತ್ರದಲ್ಲಿ ಬರುವ ಹಂಪಿಯ ತೇರಿಗೆ ಹೋಗುವವರಿಗೆ ಹೊಳೆ ಒಲಿಯುತ್ತಿತ್ತು. ಶ್ರಾವಣದಲ್ಲಿ ಮಂತ್ರಾಲಯದ ಆರಾಧನೆಗೆ ಹೊರಟವರಿಗೆ ಅದೇ ಹೊಳೆ ತುಂಬಿ ಎದುರಾಗುತ್ತಿತ್ತು. ಹಂಪಿ, ಮಂತ್ರಾಲಯ ಎರಡೂ ಬಲದಂಡೆಯಲ್ಲಿ, ಅಂದರೆ ಮದ್ರಾಸಿನ ನೆಲದಲ್ಲಿದ್ದವು.

ಆಮೇಲೆ ದುಡ್ಡಿನ ಲೆಕ್ಕ. ನಿಜಾಮರದು ಹಾಲಿ ಸಿಕ್ಕಾ, ಬ್ರಿಟಿಷರದು ಕಲದಾರ್. ಹೆಚ್ಚುಕಡಿಮೆ ಏಳು ಹಾಲಿಗೆ ಆರು ಕಲದಾರ್ ಸಿಗುತ್ತಿತ್ತು. ಆಚೆ 30 ರೂಪಾಯಿ ಖರ್ಚಿದ್ದರೆ ಮನೆಯಿಂದ 35 ಕಟ್ಟಿಕೊಂಡು ಹೊರಡಬೇಕು. ಬದಲಿಸಿಕೊಡುವ ಸಾಹುಕಾರನ ವಟ್ಟ ಬೇರೆ. ಟಪಾಲು ಚೀಟಿಯೂ ಬೇರೆ. ಗಡಿ ದಾಟುವ ಸರಕಿಗೆ ಸುಂಕ ವಸೂಲು ಮಾಡಲು ನಿಜಾಮರ ಕರೋಡಗಿರಿ ಇಲಾಖೆಯಿತ್ತು. ಇಷ್ಟೆಲ್ಲ ತೊಡಕಿದ್ದರೂ ಮನುಷ್ಯರು ಹೋಗಿಬರಲು ಯಾರ ಪರವಾನಗಿಯೂ ಬೇಕಿರಲಿಲ್ಲ. ಹೆಣ್ಣು ಕೊಡುವುದು, ತರುವುದು ಅದರಿಂದಲೇ ಸಾಧ್ಯವಾಯಿತು.

ಈ ಹೊಂದಾಣಿಕೆ ಮುರಿದದ್ದು 1947ರ ಆಗಸ್ಟ್ 15ರ ನಂತರ. ಭಾರತಕ್ಕೆ ಸೇರದೆ ತಾವು ಸ್ವತಂತ್ರರೆಂದು ನಿಜಾಮರು ವಾದಿಸಿದರು. ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದವಾಯಿತು. ಅದಾದ ಸ್ವಲ್ಪ ದಿನಕ್ಕೇ ಭಾರತದ ರೂಪಾಯಿ ತಮ್ಮಲ್ಲಿ ಸಲ್ಲದೆಂದು ಹೈದರಾಬಾದ್ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. 1948ರಲ್ಲಿ ಭಾರತ ಸರಕು ಸಾಗಣೆಗೆ ದಿಗ್ಬಂಧನ ಹಾಕಿತು. ರಜಾಕಾರರ ಹಾವಳಿಗೆ ಹೆದರಿ ಗಡಿ ಊರುಗಳ ಅನೇಕರು ಭಾರತದ ನೆಲಕ್ಕೆ ವಲಸೆ ಹೋದರು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆ ಹೋರಾಟದ ಶಿಬಿರಗಳನ್ನು ನಡೆಸಿದರು. ಹಬ್ಬಕ್ಕೆ ಹೋಗಲು ಕಟ್ಟುತ್ತಿದ್ದ ಬಂಡಿಯನ್ನು ಜೀವ ಉಳಿಸಿಕೊಳ್ಳಲು ಕಟ್ಟುವ ಕಾಲ ಅದು. ಆಗ ಆಚೆಯ ನೆಂಟರು ಕೇವಲ ನೆಂಟರಾಗಿರಲಿಲ್ಲ, ಆಸರೆಯಾಗಿದ್ದರು. ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಬಂತು; 17ರಂದು ನಿಜಾಮರು ಶರಣಾದರು.

ಗಡಿ ಒಮ್ಮೆಲೇ ಅಳಿಯಲಿಲ್ಲ. ಹಾಲಿ ಸಿಕ್ಕಾ 1959ರವರೆಗೂ ಕೈಯಿಂದ ಕೈಗೆ ಓಡಾಡಿತು. ಬಳ್ಳಾರಿ 1953ರಲ್ಲಿ ಮೈಸೂರಿಗೆ ಸೇರಿತು, ರಾಯಚೂರು 1956ರಲ್ಲಿ. ಎರಡು ಸರ್ಕಾರಗಳು 1945ರ ಫೆಬ್ರವರಿ 28ರಂದು ಒಂದೊಂದು ದಂಡೆಯಲ್ಲಿ ಅಡಿಗಲ್ಲಿಟ್ಟ ತುಂಗಭದ್ರಾ ಅಣೆಕಟ್ಟು ಅಷ್ಟರಲ್ಲಿ ಎದ್ದು ನಿಂತಿತ್ತು. ಅದರ ಎಡದಂಡೆ ಕಾಲುವೆಯ ನೀರು ಸಿಂಧನೂರನ್ನು ಭತ್ತದ ಸೀಮೆ ಮಾಡಿತು.

ಇದೇ ಸಿಂಧನೂರು ತಾಲ್ಲೂಕಿನಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳ ಪುನರ್ವಸತಿ ಕ್ಯಾಂಪುಗಳಿವೆ. ಅವರು ಬಿಟ್ಟುಬಂದ ಊರುಗಳೂ ಹೊಳೆ ದಂಡೆಯವೇ. ಎರಡೂ ಕಡೆ ಅವರದೂ ಒಂದೇ ಮಾತು. ಅಲ್ಲಿಯ ಗಡಿಗೆ 1952ರ ಅಕ್ಟೋಬರಿನಲ್ಲಿ ಪಾಸ್‌ಪೋರ್ಟ್ ಬಂತು, ಹೋಗಲಿಲ್ಲ. ಅಲ್ಲುಳಿದ ನೆಂಟರನ್ನು ನೋಡಿಬರಬೇಕೆಂದರೆ ಇಂದಿಗೂ ಪಾಸ್‌ಪೋರ್ಟ್ ಬೇಕು, ವೀಸಾ ಬೇಕು. ದಢೇಸುಗೂರಿನವರು ಬಸ್ಸಿನಲ್ಲಿ ಆಚೆ ದಂಡೆಗೆ ಹೋಗಿ ಹಬ್ಬದೂಟ ಮುಗಿಸಿ ಸಂಜೆಗೆ ಮನೆ ಸೇರುತ್ತಾರೆ. ಒಂದೇ ತಾಲ್ಲೂಕಿನ ಈ ಇಬ್ಬರ ನಡುವಿನ ವ್ಯತ್ಯಾಸ ಹೊಳೆಯಿಂದಲೂ ಬಂದದ್ದಲ್ಲ, ನೆಂಟಸ್ತಿಕೆಯಿಂದಲೂ ಬಂದದ್ದಲ್ಲ. ಒಂದು ಗಡಿ ಹದಿಮೂರು ತಿಂಗಳಿಗೆ ಸೋತಿತು, ಇನ್ನೊಂದು ನಿಂತಿತು.