ಇಲಿ ಬಿದ್ದ ಮನೆ: ಮುಂಬಯಿ ಪ್ಲೇಗಿನ ಚರಿತ್ರೆಯಿಂದ ಒಂದು ವಿಚಾರ

ನಮ್ಮ ಹಿರಿಯರ ಮಾತಿನಲ್ಲಿ ‘ಇಲಿ ಬಿತ್ತು’ ಎಂದರೆ ಇಲಿಯೊಂದು ಸತ್ತಿತೆಂಬಷ್ಟೇ ಅರ್ಥವಲ್ಲ; ಮನೆ ಬಿಡುವ ಕಾಲ ಬಂದಿತೆಂದು ಅರ್ಥ. ಹುಬ್ಬಳ್ಳಿ ಧಾರವಾಡಗಳ ಕಡೆಯಲ್ಲಾಗಲಿ, ಮೈಸೂರು ಸೀಮೆಯಲ್ಲಾಗಲಿ, ಅಟ್ಟದಿಂದ ಇಲಿ ಬಿದ್ದು ಸತ್ತ ಕೂಡಲೆ ಪಾತ್ರೆಪಡಗಗಳನ್ನು ಕಟ್ಟಿಕೊಂಡು ಊರ ಹೊರಗಿನ ಬಯಲಿನಲ್ಲಿ ಗುಡಿಸಲು ಹಾಕಿದ ಕುಟುಂಬಗಳು ಅನೇಕ. ಈ ನುಡಿ ಕೇವಲ ಭೀತಿಯ ಉದ್ಗಾರವೋ ಅನುಭವದ ನಿರ್ಣಯವೋ ಎಂಬುದನ್ನು ಮುಂಬಯಿಯ ಪ್ಲೇಗಿನ ಚರಿತ್ರೆಯ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಲಿಯ ಸಾವಿಗೂ ಮಹಾಮಾರಿಗೂ ನಂಟುಂಟೆಂಬ ತಿಳಿವಳಿಕೆ ನಮ್ಮ ದೇಶದಲ್ಲಿ ಹಳೆಯದು. ೧೬೧೮-೧೯ರಲ್ಲಿ ಆಗ್ರಾದಲ್ಲಿ ಹಬ್ಬಿದ ಪಿಡುಗನ್ನು ಕುರಿತು ಬರೆಯುತ್ತ ಜಹಾಂಗೀರ್ ಬಾದಶಹನು, ಕುಡಿದವರಂತೆ ತೂರಾಡುತ್ತ ಹೊರಬಂದ ಇಲಿಯೊಂದರ ಸಂಗತಿಯನ್ನು ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಕುಮಾವೂನ್, ಗಢವಾಲಗಳ ಹಳ್ಳಿಗರು ಇಲಿಗಳು ಸಾಯತೊಡಗಿದೊಡನೆ ಊರು ತೊರೆಯುತ್ತಿದ್ದರೆಂದು ಹತ್ತೊಂಬತ್ತನೆಯ ಶತಮಾನದ ಆಂಗ್ಲ ವೈದ್ಯಾಧಿಕಾರಿಗಳೇ ವರದಿ ಮಾಡಿದ್ದರು. ೧೮೯೪ರಲ್ಲಿ ಹಾಂಗ್‌ಕಾಂಗಿನಲ್ಲಿ ಪ್ಲೇಗಿನ ರೋಗಾಣುವನ್ನು ಗುರುತಿಸಿದ ಯೆರ್ಸಿನ್ ಸತ್ತ ಇಲಿಗಳ ಶರೀರದಲ್ಲಿಯೂ ಅದನ್ನು ಕಂಡಿದ್ದನು.

೧೮೯೬ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಅವರು ಪ್ಲೇಗನ್ನು ಪತ್ತೆಹಚ್ಚಿದರು. ಮಾಂಡವಿಯು ಬಂದರಿಗೆ ಹತ್ತಿರದ, ಧಾನ್ಯದ ಉಗ್ರಾಣಗಳಿಂದ ತುಂಬಿದ ಸ್ಥಳವೆಂಬುದು ಗಮನಾರ್ಹ. ಆದರೆ ಸರಕಾರದ ದೃಷ್ಟಿ ನೆಟ್ಟಿದ್ದು ರೋಗಿಯ ಮೇಲೆ, ಕೊಳಕಿನ ಮೇಲೆ. ಗೋಡೆಗಳಿಗೆ ಸುಣ್ಣ ಬಳಿಸಿದರು. ನೆಲಕ್ಕೆ ಕಾರ್ಬಾಲಿಕ್ ದ್ರಾವಣ ಸುರಿದರು. ಮನೆ ಹೊಕ್ಕು ರೋಗಿಗಳನ್ನು ಎಳೆದೊಯ್ದರು. ೧೮೯೭ರ ಸಾಂಕ್ರಾಮಿಕ ರೋಗಗಳ ಕಾಯಿದೆ ಇದಕ್ಕೆಲ್ಲ ಬಲ ಕೊಟ್ಟಿತು. ಜನರ ರೋಷ ಎಷ್ಟಿತ್ತೆಂಬುದಕ್ಕೆ ಅದೇ ವರ್ಷ ಪುಣೆಯಲ್ಲಿ ನಡೆದ ರ‍್ಯಾಂಡ್ ಅಧಿಕಾರಿಯ ಹತ್ಯೆಯೇ ಸಾಕ್ಷಿ.

ಇಷ್ಟಾದರೂ ರೋಗ ಇಳಿಯಲಿಲ್ಲ. ಕಾರಣವನ್ನು ಅರಿಯಬೇಕಾದರೆ ಇಲಿಯ ನಡವಳಿಕೆಯನ್ನು ನೋಡಬೇಕು. ಮುಂಬಯಿಯಲ್ಲಿ ಮುಖ್ಯವಾಗಿ ಎರಡು ಬಗೆಯ ಇಲಿಗಳಿದ್ದವು. ಕಂದು ಬಣ್ಣದ ದಪ್ಪ ಇಲಿ ಚರಂಡಿಗಳಲ್ಲಿ, ನೆಲದ ಬಿಲಗಳಲ್ಲಿ ವಾಸಿಸುವಂಥದು. ಮನೆಯಿಲಿಯಾದರೋ ಮೈ ಸಪೂರ, ಬಾಲ ಉದ್ದ, ಹತ್ತುವುದರಲ್ಲಿ ಚತುರ, ಹೆಂಚಿನ ಮಾಡು, ಅಟ್ಟ, ಧಾನ್ಯದ ಮೂಟೆಗಳ ಸಂದಿಗಳೇ ಅದರ ಮನೆ. ಸುಮಾರು ಮೂರು ವಾರಗಳ ಗರ್ಭ ಕಳೆದು ಒಂದು ಸೂಲಿಗೆ ಐದಾರು ಮರಿಗಳನ್ನು ಹಾಕುವ ಈ ಪ್ರಾಣಿ ಮನುಷ್ಯನ ತಲೆಯ ಮೇಲೆಯೇ ಸಂಸಾರ ಹೂಡಿದ್ದರೂ ಸುಲಭವಾಗಿ ಕಣ್ಣಿಗೆ ಬೀಳದು. ಹಗಲಿನಲ್ಲಿ ಭಯವಿಲ್ಲದೆ ನಡುಮನೆಗೆ ಬಂದು ತೂರಾಡಿತೆಂದರೆ ಅದು ಸಾಯುವ ಇಲಿಯೇ ಸರಿ.

ಇಲಿಗೂ ಮನುಷ್ಯನಿಗೂ ನಡುವಣ ಕೊಂಡಿ ಚಿಗಟವೆಂಬುದನ್ನು ೧೮೯೮ರ ಜೂನ್ ತಿಂಗಳಲ್ಲಿ ಕರಾಚಿಯಲ್ಲಿ ಫ್ರೆಂಚ್ ವೈದ್ಯ ಪಾಲ್-ಲೂಯಿ ಸಿಮೊಂಡ್ ಪ್ರಯೋಗದಿಂದ ತೋರಿಸಿದನು. ಚಿಗಟಗಳಿದ್ದ ರೋಗದ ಇಲಿಯನ್ನು ಗಾಜಿನ ಭರಣಿಯಲ್ಲಿಟ್ಟು, ಮೇಲೆ ತಂತಿಯ ಪಂಜರದಲ್ಲಿ ಆರೋಗ್ಯವಂತ ಇಲಿಯೊಂದನ್ನು ಪರಸ್ಪರ ಸೋಂಕದಂತೆ ಇಳಿಬಿಟ್ಟನು. ರೋಗದ ಇಲಿ ಸತ್ತಿತು. ಕೆಲವು ದಿನಗಳಲ್ಲಿ ಮೇಲಿನದೂ ಪ್ಲೇಗಿನಿಂದಲೇ ಸತ್ತಿತು. ಸತ್ತ ಇಲಿಯ ಮೈ ತಣ್ಣಗಾದೊಡನೆ ಚಿಗಟಗಳು ಬೇರೆ ಬಿಸಿಮೈಯನ್ನು ಅರಸುತ್ತ ಹೊರಡುವುದೇ ಇದರ ಮರ್ಮ. ಆದರೆ ಅಂದಿನ ಪ್ಲೇಗ್ ಕಮಿಶನ್ನು ಈ ವಾದವನ್ನು ತಳ್ಳಿಹಾಕಿತು.

ಮುಂಬಯಿಯೇ ಮತ್ತೆ ಸಾಕ್ಷ್ಯ ಒದಗಿಸಿತು. ಇಲ್ಲಿಯ ಒಂದು ಚಾಳಿನಲ್ಲಿ ಇಲಿಗಳು ಸತ್ತ ಮೇಲೆ ಚಿಗಟಗಳ ಕಾಟ ತಾಳಲಾರದೆ ನಿವಾಸಿಗಳು ಕೋಣೆ ಬಿಟ್ಟು ಜಗಲಿಯಲ್ಲಿ ಮಲಗಿದುದನ್ನೂ, ಬಳಿಕ ಅವರಲ್ಲಿ ಪ್ಲೇಗು ಕಾಣಿಸಿದುದನ್ನೂ ಗ್ಲೆನ್ ಲಿಸ್ಟನ್ ಎಂಬ ವೈದ್ಯನು ೧೯೦೩ರ ಸುಮಾರಿಗೆ ಗಮನಿಸಿದನು. ೧೯೦೫ರಿಂದ ಹೊಸ ತನಿಖೆ ಆರಂಭವಾಯಿತು. ಪರೇಲದ ಪ್ರಯೋಗಾಲಯದಲ್ಲಿ ನೆಲದಿಂದ ಎರಡು ಅಂಗುಲ ಎತ್ತರದಲ್ಲಿ ತೂಗುಹಾಕಿದ ಗಿನಿಯಿಲಿಗಳು ರೋಗಕ್ಕೆ ತುತ್ತಾದವು. ಎರಡು ಅಡಿ ಎತ್ತರದಲ್ಲಿದ್ದವು ಉಳಿದವು. ಚಿಗಟ ಹಾರಬಲ್ಲ ಎತ್ತರವೇ ಜೀವಕ್ಕೂ ಸಾವಿಗೂ ನಡುವಣ ಗೆರೆಯಾಗಿತ್ತು! ನಗರದಲ್ಲಿ ರೋಗವು ಮೊದಲು ಚರಂಡಿಯ ಇಲಿಗಳಲ್ಲಿಯೂ, ಸುಮಾರು ಹತ್ತು ದಿನಗಳ ತರುವಾಯ ಮನೆಯಿಲಿಗಳಲ್ಲಿಯೂ, ಮತ್ತೆ ಹತ್ತರಿಂದ ಹದಿನಾಲ್ಕು ದಿನಗಳ ತರುವಾಯ ಮನುಷ್ಯರಲ್ಲಿಯೂ ಹೆಚ್ಚುವುದೆಂದು ತನಿಖೆಯಿಂದ ಸಿದ್ಧವಾಯಿತು. ಗಡ್ಡೆ ಕಟ್ಟುವ ಪ್ಲೇಗು ರೋಗಿಯಿಂದ ನೇರವಾಗಿ ಇನ್ನೊಬ್ಬನಿಗೆ ಅಂಟುವುದಿಲ್ಲವೆಂಬುದೂ ಸ್ಪಷ್ಟವಾಯಿತು.

ಹಾಗಾದರೆ ಇಲಿ ಬಿದ್ದೊಡನೆ ಮನೆ ಬಿಟ್ಟವರು ಮೂಢರಲ್ಲ. ಮನೆಯಿಲಿಯ ಸಾವಿಗೂ ಮನುಷ್ಯನ ಸರದಿಗೂ ನಡುವೆ ದೊರೆಯುವ ಹತ್ತಾರು ದಿನಗಳ ಅವಕಾಶವನ್ನು ಅವರು ಲೆಕ್ಕವಿಡದೆಯೇ ಬಳಸಿಕೊಂಡಿದ್ದರು. ಆದರೂ ಸತ್ಯದ ಇನ್ನೊಂದು ಮುಖವನ್ನು ಮರೆಮಾಡಲಾಗದು. ಬಯಲಿಗೆ ಹೋದವರು ಬದುಕಿದರು; ಹಾಸಿಗೆ ಬಟ್ಟೆಗಳೊಡನೆ ಪರವೂರ ನೆಂಟರ ಮನೆಗೆ ಓಡಿದವರಲ್ಲಿ ಕೆಲವರು ಅರಿಯದೆಯೇ ಚಿಗಟಗಳನ್ನೂ ಕೊಂಡೊಯ್ದರು. ಹುಬ್ಬಳ್ಳಿಯಲ್ಲಿ ಕಾಣಿಸಿದ ರೋಗ ೧೮೯೮ರ ಆಗಸ್ಟಿನಲ್ಲಿ ರೈಲುದಾರಿ ಹಿಡಿದು ಬೆಂಗಳೂರನ್ನು ಮುಟ್ಟಿತು. ಮುಂದಿನ ಎರಡು ಮೂರು ದಶಕಗಳಲ್ಲಿ ಭಾರತದಲ್ಲಿ ಪ್ಲೇಗಿಗೆ ಬಲಿಯಾದವರು ೧ ಕೋಟಿಗೂ ಮಿಕ್ಕಿದವರು.

ಜನರ ಮಾತನ್ನು ಅಧಿಕಾರಿಗಳೂ, ಸಿಮೊಂಡನ ಮಾತನ್ನು ವಿದ್ವಾಂಸರೂ ಸಕಾಲದಲ್ಲಿ ಆಲಿಸಿದ್ದರೆ ಎಷ್ಟು ಜೀವಗಳು ಉಳಿಯುತ್ತಿದ್ದವೋ ಹೇಳಬಲ್ಲವರಾರು? ನಮ್ಮ ಮನೆತನಗಳ ನೆನಪಿನಲ್ಲಿ ‘ಇಲಿ ಬಿದ್ದ ವರ್ಷ’ ಎಂಬ ಕಾಲಗಣನೆ ಎಲ್ಲಿಯಾದರೂ ಉಳಿದಿದ್ದರೆ ಅದನ್ನು ಬರೆದಿಡುವುದು ಕರ್ತವ್ಯ. ಸರಕಾರಿ ಕಡತಗಳಲ್ಲಿ ಸತ್ತವರ ಸಂಖ್ಯೆ ದೊರೆಯುತ್ತದೆ. ಬದುಕಿ ಉಳಿದವರು ಏನನ್ನು ಕಂಡು ಹೊರಟರೆಂಬುದು ಈ ಎರಡು ಪದಗಳಲ್ಲಿ ಮಾತ್ರ ದೊರೆಯುತ್ತದೆ.